ನಾನು ಸುರಿದ ಗಡಿ

ಬೇವಿನ ಮರ

ನನ್ನ ಮಟ್ಟಿಗೆ ಪರದೇಶವೆಂದರೆ ನಮ್ಮ ಹೊಲದ ಬೇವಿನ ಮರದಿಂದ ಆಚೆಗೆ ಇರುವುದು. ನಮ್ಮದು ಬೀದರ ಜಿಲ್ಲೆಯ ಕಟ್ಟಕಡೆಯ ಹಳ್ಳಿಗಳಲ್ಲಿ ಒಂದು. ಮರ ನಿಂತಿರುವುದು ಕರ್ನಾಟಕದಲ್ಲಿ. ಸಂಜೆಯಾದರೆ ಅದರ ನೆರಳು ತೆಲಂಗಾಣದಲ್ಲಿ ಬೀಳುತ್ತದೆ. ನೆರಳಿನ ಆಚೆ, ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ನಡೆದು ಮುಟ್ಟಬಹುದಾದ ದೂರದಲ್ಲಿ, ನ್ಯಾಲ್ಕಲ್ ಮಂಡಲದ ಒಂದು ಹಳ್ಳಿಯಿದೆ. ನನ್ನ ಒಬ್ಬಳೇ ತಂಗಿ ಮಹಾದೇವಿಯನ್ನು ಕೊಟ್ಟದ್ದು ಆ ಊರಿಗೆ.

ವಿಮಾನ ಹತ್ತಿ ಹೋಗಿ ಬಂದವರು ಬರೆದ ಪ್ರವಾಸಗಳನ್ನು ಓದಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ತುಟಿ ಅಲುಗಿಸುತ್ತಾ ನಿಧಾನವಾಗಿ ಓದುತ್ತೇನೆ. ಅವರೆಲ್ಲ ತಾವು ಕಂಡದ್ದನ್ನು ಬರೆಯುತ್ತಾರೆ. ನಾನು ಬರೆಯಲು ಕುಳಿತದ್ದು ನಾನು ಮಾಡಿದ್ದನ್ನು ಹೇಳಲಿಕ್ಕೆ.

ನಮ್ಮ ಕಡೆಯ ನೆಲ ಕೆಂಪು, ಅವರ ಕಡೆಯದು ಕಪ್ಪು. ಕೆಂಪು ನೆಲಕ್ಕೆ ಮುಂಗಾರಿನಲ್ಲಿ ಬಿತ್ತನೆ, ಕಪ್ಪು ನೆಲಕ್ಕೆ ಮಳೆ ಹೊರಟುಹೋದ ಮೇಲೆ. ಹಾಗಾಗಿ ಎರಡೂ ಊರಿಗೆ ಒಟ್ಟಿಗೇ ಕೆಲಸ ಬೀಳುತ್ತಿರಲಿಲ್ಲ. ನಮ್ಮ ಉದ್ದು, ಹೆಸರುಕಾಳಿನ ಹೊಲದ ಕಳೆ ತೆಗೆಯಲು ಅವರು ಬರುತ್ತಿದ್ದರು. ಅವರ ಕಡಲೆ ಬಿತ್ತಲು ನಾವು ಹೋಗುತ್ತಿದ್ದೆವು. ಕೂಲಿಯ ಮಾತೇ ಇಲ್ಲ. ಇದಕ್ಕೆ ನಮ್ಮಲ್ಲಿ ಮುಯ್ಯಿ ಅನ್ನುತ್ತಾರೆ. ಇಂದು ನಿನ್ನ ಹೊಲದಲ್ಲಿ ನನ್ನ ಕೈ, ಮುಂದೆ ನನ್ನ ಹೊಲದಲ್ಲಿ ನಿನ್ನ ಕೈ. ಅವರ ಎಮ್ಮೆಗಳ ಹಾಲು ನಮ್ಮೂರ ಡೈರಿಗೆ ಬರುತ್ತಿತ್ತು. ನಮ್ಮಲ್ಲಿ ಕರೆಂಟು ಹೋದರೆ ನಮ್ಮ ಜೋಳದ ಬುಟ್ಟಿ ಅವರ ಗಿರಣಿಗೆ ಹೋಗುತ್ತಿತ್ತು, ಅವರಲ್ಲಿ ಹೋದರೆ ಅವರದು ನಮ್ಮ ಗಿರಣಿಗೆ. ಎರಡು ಸರ್ಕಾರಗಳ ಕರೆಂಟು ಒಟ್ಟಿಗೆ ಹೋದದ್ದನ್ನು ನಾನು ಕಂಡಿಲ್ಲ. ಬೇವಿನ ಮರದ ಪಕ್ಕದ ಆ ಒಂದು ಬಂಡಿದಾರಿ ಇದ್ದದ್ದರಿಂದ ಎರಡೂ ಊರಿನಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ.

ಆಮೇಲೆ ಆ ರೋಗದ ವರ್ಷ ಬಂತು. ಆಚೆಯವರು ಬಂದರೆ ರೋಗ ಬರುತ್ತದೆ ಎಂದು ನಮ್ಮೂರ ಹಿರಿಯರು ಕೂಡಿ ಮಾತಾಡಿದರು. ಆಚೆ ಊರಿನವರೂ ನಮ್ಮ ಬಗ್ಗೆ ಹಾಗೆಯೇ ಮಾತಾಡಿರಬೇಕು. ದಾರಿಗೆ ಮಣ್ಣು ಹಾಕಬೇಕೆಂದು ಆಯಿತು. ಊರಲ್ಲಿ ಟ್ರ್ಯಾಕ್ಟರ್ ಇದ್ದದ್ದು ನನ್ನದು. ನಮ್ಮ ಹೊಲದ ಮೂಲೆಯಿಂದಲೇ ಮಣ್ಣು ತುಂಬಿ, ಬೇವಿನ ಮರದ ಪಕ್ಕ ಟ್ರಾಲಿ ಎತ್ತುವ ಲಿವರ್ ಎಳೆದೆ. ಮಣ್ಣು ಜಾರಿ ಬೀಳುವುದು ನೋಡಲು ಚೆನ್ನಾಗಿಯೇ ಇತ್ತು. ಮತ್ತೆ ತುಂಬಿದೆ, ಮತ್ತೆ ಎಳೆದೆ. ಎತ್ತಿನ ಬಂಡಿಯಿರಲಿ, ಮನುಷ್ಯ ದಾಟಲೂ ಆಗದಂತೆ ಮೇಲೆ ಜಾಲಿಯ ಮುಳ್ಳು ಹೇರಿದರು.

ಆಗ ನಮ್ಮ ಅವ್ವ ಹಾಸಿಗೆ ಹಿಡಿದಿದ್ದಳು. ಅದು ಆ ರೋಗವಲ್ಲ, ವಯಸ್ಸಿನ ರೋಗ. ಮಹಾದೇವಿ ಅಂಬಲಿಯ ಗಡಿಗೆ ಹೊತ್ತು ದಿಬ್ಬದ ಆಚೆ ಬಂದು ನಿಂತಳು. ನಾನು ಈಚೆ ನಿಂತು ಹಿಂದಕ್ಕೆ ಕಳಿಸಿದೆ. ಅವ್ವ ತೀರಿಕೊಂಡಾಗಲೂ ಅವಳು ಬರಲಿಲ್ಲ, ಬರುವಂತೆ ನಾನು ಮಾಡಲಿಲ್ಲ. ಆಮೇಲೆ ರೋಗ ಹೋಯಿತು, ದಿಬ್ಬ ಉಳಿಯಿತು. ಜನ ಡಾಂಬರು ರಸ್ತೆ ಹಿಡಿದರು. ಡೈರಿಗೆ ಹಾಲು ಬರುವುದು ನಿಂತು ಡೈರಿಯೇ ಮುಚ್ಚಿತು. ಮುಯ್ಯಿ ನಿಂತಿತು. ದಿಬ್ಬದ ಮೇಲೆ ಔಡಲ ಗಿಡ ಹುಟ್ಟಿ ದೊಡ್ಡದಾಯಿತು. ನಾನು ಫೋನು ಮಾಡಿದರೆ ಮಹಾದೇವಿ ಎತ್ತುತ್ತಿರಲಿಲ್ಲ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲದಲ್ಲಿ ಉಣ್ಣುತ್ತಾರೆ. ಹಸಿ ಕಾಳುಗಳನ್ನೂ ಸೊಪ್ಪುಗಳನ್ನೂ ಕೂಡಿಸಿ ಕಡಲೆಹಿಟ್ಟು, ಹುಣಸೆಹುಳಿಯಲ್ಲಿ ಕುದಿಸುವ ಭಜ್ಜಿ ಅಂದಿನ ಅಡುಗೆ. ನಮ್ಮ ಕೆಂಪು ನೆಲದಲ್ಲಿ ಕಡಲೆ ಬೆಳೆಯುವುದಿಲ್ಲ. ಹಸಿ ಕಡಲೆ ಪ್ರತಿ ವರ್ಷ ಮಹಾದೇವಿಯ ಹೊಲದಿಂದ ಬರುತ್ತಿತ್ತು, ನಮ್ಮ ಹೊಲದ ಅವರೆ ಅವಳಿಗೆ ಹೋಗುತ್ತಿತ್ತು. ಹೋದ ವರ್ಷ ನನ್ನ ಹೆಂಡತಿ ಕಲಾವತಿ ಸಂತೆಯಿಂದ ಕಡಲೆ ತಂದು ಭಜ್ಜಿ ಮಾಡಿದಳು. ಒಂದು ತುತ್ತು ತಿಂದು, "ಇದು ಭಜ್ಜಿ ಅಲ್ರಿ, ಪಲ್ಯ" ಅಂದಳು. ಈ ವರ್ಷ ಹಬ್ಬ ಹತ್ತಿರ ಬಂದಾಗ ಒಲೆಯ ಮುಂದೆ ಕೂತು ಹೇಳಿದಳು: "ಟ್ರ್ಯಾಕ್ಟರ್ ತಗೊಂಡು ಊರೆಲ್ಲಾ ತಿರುಗ್ತೀರಿ. ಒಡಹುಟ್ಟಿದಕೀನ ಕರಿಯಾಕ ಮಾತ್ರ ನಿಮಗ ಡೀಸೆಲ್ ಇಲ್ಲ."

ಮರುದಿನ ನಾನು ಬಸ್ಸಿಗೆ ಹೊರಟೆ.

ಜಹೀರಾಬಾದ್

ಮಹಾದೇವಿ ಈಗ ಹಳ್ಳಿಯಲ್ಲಿರಲಿಲ್ಲ. ಗಂಡ ಸಂಗಮೇಶನಿಗೆ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೊಲವನ್ನು ಅವನ ಅಣ್ಣನಿಗೆ ಬಿಟ್ಟು, ಪೇಟೆಯಲ್ಲಿ ಮನೆ ಹಿಡಿದಿದ್ದರು. ನಾನು ಹೊರಟದ್ದು ಅಲ್ಲಿಗೆ.

ಬೆಳಗಿನ ಮಂಜಿನಲ್ಲಿ ಬಸ್ಸು ತೇಲಿದಂತೆ ಹೋಗುತ್ತಿತ್ತು. ಅದು ಕರ್ನಾಟಕದ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು, ಒಬ್ಬಳದು ನಮ್ಮ ಕಡೆ, ಒಬ್ಬಳದು ಆ ಕಡೆ. ಹೆಣ್ಣುಮಕ್ಕಳಿಗೆ ಎರಡೂ ಸರ್ಕಾರಗಳು ಬಸ್ಸು ಪುಕ್ಕಟೆ ಮಾಡಿವೆ, ಆದರೆ ತಮ್ಮ ತಮ್ಮ ರಾಜ್ಯದವರಿಗೆ. ಆಚೆಯವಳಿಗೆ ಕಂಡಕ್ಟರ್ ಟಿಕೀಟು ಹರಿದು ಕೊಟ್ಟ.

"ನಿಮ್ಮ ಬಸ್ಸಿನಾಗ ನಾ ಕುಂತ್ರ ಟಿಕೀಟ, ನಮ್ಮ ಬಸ್ಸಿನಾಗ ನೀ ಕುಂತ್ರ ಟಿಕೀಟ," ಅಂದಳು ಅವಳು. "ನಾವಿಬ್ಬರೂ ಕೂಡಿ ಹೋಗಬೇಕಂದ್ರ ನಡಕೊಂಡೇ ಹೋಗಬೇಕು."

"ನಿನ್ನ ಮಗಳನ್ನ ನನ್ನ ಮಗಗ ಕೊಡು. ಆಕಿಗಾದ್ರೂ ಪುಕ್ಕಟೆ ಆಗ್ತದ."

"ಬಸ್ಸಿನ ಸಲುವಾಗಿ ಮಗಳ್ನ ಕೊಡಾಕ ಆಗ್ತದೇನು? ಮೊದಲ ನಿನ್ನ ಮಗಗ ಮೀಸಿ ಬರ್ಲಿ."

ಇಬ್ಬರೂ ನಕ್ಕರು. ಗಡಿಯ ಚೆಕ್‌ಪೋಸ್ಟು ಮಂಜಿನಲ್ಲಿ ಯಾವಾಗ ಹಿಂದೆ ಸರಿಯಿತೋ ತಿಳಿಯಲಿಲ್ಲ. ಬೋರ್ಡುಗಳ ಅಕ್ಷರ ನೋಡಿದಾಗಲೇ ನಾನು ಆಚೆ ಬಂದದ್ದು ಗೊತ್ತಾದದ್ದು. ತೆಲುಗು ನನಗೆ ಓದಲು ಬರುವುದಿಲ್ಲ. ಆದರೂ ನಮ್ಮ ಅಕ್ಷರಗಳೇ ನಿದ್ದೆಯಲ್ಲಿ ಮಗ್ಗಲು ಬದಲಿಸಿ ಮಲಗಿದಂತೆ ಕಾಣುತ್ತವೆ. ಎಬ್ಬಿಸಿದರೆ ಎದ್ದು ಕನ್ನಡದಲ್ಲಿ ಮಾತಾಡಬಹುದು ಅನ್ನಿಸುತ್ತದೆ.

ಜಹೀರಾಬಾದಿಗೆ ಚಳಿಗಾಲದಲ್ಲಿ ಕಬ್ಬಿನ ವಾಸನೆ. ಹೆದ್ದಾರಿಯಲ್ಲಿ ಮುಂಬೈ ಲಾರಿಗಳು, ಅವುಗಳ ನಡುವೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ನನ್ನ ಟ್ರ್ಯಾಕ್ಟರು ಹುಟ್ಟಿದ್ದೂ ಈ ಊರಿನಲ್ಲೇ. ತಂಗಿಯ ಗಂಡ ದುಡಿಯುವ ಜಾಗದಲ್ಲಿ ತಯಾರಾದ ಗಾಡಿಯಿಂದಲೇ ತಂಗಿಯ ದಾರಿಗೆ ಮಣ್ಣು ಹಾಕಿದೆನಲ್ಲ ಎಂದು ಅಂದು ಮೊದಲ ಸಲ ಹೊಳೆಯಿತು. ಚಹಾದ ಅಂಗಡಿಯಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು, ಅದು ಆರುವುದನ್ನೂ ಮರೆತು ಕೂತಿದ್ದೆ. ಪಕ್ಕದವನು ನನ್ನ ಬಸಿಯನ್ನು ತನ್ನದೆಂದು ತಿಳಿದು ಎತ್ತಿ ಕುಡಿದುಬಿಟ್ಟ. ನಾಚಿಕೆಯಿಂದ ಇನ್ನೊಂದು ಚಹಾ ಹೇಳಿ, ಎಲ್ಲಿಗೆಂದು ಕೇಳಿ, ಒಂದು ರೂಪಾಯಿಯನ್ನೂ ಬೇಡದೆ, ಮಹಾದೇವಿಯ ಓಣಿಯವರೆಗೆ ತನ್ನ ಆಟೊದಲ್ಲೇ ಬಿಟ್ಟು ಹೋದ.

ಮನೆಗೆ ಬೀಗ. ಸಂಗಮೇಶ ಪಾಳಿಯ ಕೆಲಸಕ್ಕೆ ಹೋಗಿದ್ದ. ಮನೆಯ ಒಡತಿ ಖಾಜಾಬೀ ಪಕ್ಕದ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ವಯಸ್ಸಾದ ಹೆಂಗಸು.

"ಮಾದೇವಿ ಅಣ್ಣ ಅಲ್ಲೇನು ನೀ? ಮೂಗು ಹೇಳ್ತದ. ಅಂದರ್ ಬಾ ಬೇಟಾ, ಕುಂಡ್ರು. ಆಕಿ ನಾರಾಯಣಖೇಡಕ್ಕ ಹೋಗ್ಯಾಳ, ಮಗಳ ಬಾಣಂತನಕ್ಕ. ಫೋನ್ ಮಾಡ್ಲೇನು?"

"ಬ್ಯಾಡ್ರಿ," ಅಂದೆ. ಬರಬೇಡ ಅಂದುಬಿಟ್ಟರೆ ಮುಂದೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ.

ಖಾಜಾಬೀ ನನಗೆ ರೊಟ್ಟಿ, ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟಳು. ಹಿಂಡಿ ಬಾಯಿಗೆ ಇಡುತ್ತಲೇ ಅವ್ವನ ಕೈಯ ರುಚಿ ಬಂತು. "ಮಾದೇವಿ ಕಲಿಸ್ಯಾಳ," ಅಂದಳು ಖಾಜಾಬೀ. "ನಾ ಆಕಿಗಿ ಬಿರಿಯಾನಿ ವಾಸನಿ ಕಲಿಸೀನಿ. ತಿನ್ನಂಗಿಲ್ಲ, ವಾಸನಿ ತಗೋತಾಳ." ಆಮೇಲೆ ನನ್ನ ತಲೆ ಸವರಿ ಹೇಳಿದಳು: "ನೀ ಭಾಳ ಛಲೋ ಮನಷ್ಯ ಬೇಟಾ. ಆ ಬೀಮಾರಿ ಟೈಮಿಗಿ ಮಂದಿ ಎಲ್ಲಾ ಬಾಗಲಾ ಹಾಕ್ಕೊಂಡ್ ಕುಂತಿದ್ರು. ನೀ ನಿಮ್ಮ ಅವ್ವಗ ಟ್ರಾಲಿನಾಗ ಹುಲ್ಲು ಹಾಸಿ, ಗಾದಿ ಹಾಕಿ, ದಿಬ್ಬದ ತನ ಕರಕೊಂಡು ಬಂದಿ. ತಾಯಿ ಆ ಕಡಿ, ಮಗಳು ಈ ಕಡಿ. ಮಾದೇವಿ ಹೇಳ್ದಾಗ ನಾ ಅತ್ತೀನಿ."

ಕೈಯ ತುತ್ತನ್ನು ತಿರುಗಿ ತಾಟಿಗೆ ಇಟ್ಟೆ.

ಅಂದು ದಿಬ್ಬದ ಆಚೆಯಿಂದ ಮಹಾದೇವಿ ಕೂಗಿ ಕೇಳಿದ್ದು ಇದನ್ನೇ. "ನಾ ಆ ಕಡಿ ಬರಂಗಿಲ್ಲ ಅಣ್ಣಾ. ಅವ್ವನ್ನ ಟ್ರಾಲಿನಾಗ ಹಾಕ್ಕೊಂಡು ಬಾ. ಇಲ್ಲಿಂದೇ ನೋಡ್ತೀನಿ." ಮಣ್ಣು ಸುರಿದು ಟ್ರಾಲಿ ಖಾಲಿಯಿತ್ತು. ಮನೆ ಕೂಗಳತೆಯಲ್ಲಿತ್ತು. ಊರಿನ ನಾಲ್ಕು ಜನ ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ನಾನು "ನಾಳಿ ತರ್ತೀನಿ, ಹೋಗು" ಅಂದೆ. ಮರುದಿನ ಅವಳು ಬಂದು ಬಿಸಿಲು ಇಳಿಯುವವರೆಗೆ ನಿಂತಿದ್ದಳು. ನಾನು ಊರ ಆಚೆ ತುದಿಯ ಹೊಲದಲ್ಲಿ ಕೆಲಸವಿಲ್ಲದಿದ್ದರೂ ನೇಗಿಲು ಹೊಡೆಯುತ್ತಿದ್ದೆ.

ನಾನು ಮಾಡದೆ ಬಿಟ್ಟದ್ದನ್ನು ತಂಗಿ ನನ್ನ ಹೆಸರಿನಲ್ಲಿ ಮಾಡಿ ಮುಗಿಸಿದ್ದಳು. ಖಾಜಾಬೀ ಇನ್ನೊಂದು ರೊಟ್ಟಿ ಹಾಕಿದಳು. ನಾನು ನಿಜ ಹೇಳಲಿಲ್ಲ. ರೊಟ್ಟಿ ತಿಂದೆ.

ನಾರಾಯಣಖೇಡ

ನಾರಾಯಣಖೇಡದ ದಾರಿಯಲ್ಲಿ ತೊಗರಿ ಒಣಗಿ ನಿಂತಿತ್ತು. ಗಾಳಿ ಬಂದರೆ ಹೊಲಕ್ಕೆ ಹೊಲವೇ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ನಿದ್ದೆ ಹತ್ತಿತು. ಕನಸಿನಲ್ಲಿ ನನ್ನ ಟ್ರಾಲಿಯಲ್ಲಿ ಅವ್ವ ಕೂತಿದ್ದಳು, ಹುಲ್ಲಿನ ಮೇಲೆ, ಮಗ್ಗುಲಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡು. ಹುಲ್ಲು ಖಾಜಾಬೀ ಹೇಳಿದ್ದು, ಚೀಲ ನನ್ನ ಮನಸ್ಸೇ ಸೇರಿಸಿದ್ದು. ಎಚ್ಚರವಾದಾಗ ಅದು ಕನಸೋ ನೆನಪೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಸುಳ್ಳು ಅಷ್ಟು ಮೆತ್ತಗಿತ್ತು.

ಇಳಿಯುವ ಅವಸರದಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಒಂದು ಕಾಲಿಗೆ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಸೊಸೆಯ ಮನೆ ಹುಡುಕಿದೆ. ತಂಗಿಯ ಮಗಳು ಸುನೀತಾ ನನಗೆ ಸೊಸೆಯಾಗಬೇಕು. ಅವಳ ಅತ್ತೆ ಲಕ್ಷ್ಮಮ್ಮ ಅಂಗಳದಲ್ಲಿದ್ದರು. "ರಾ ಅನ್ನಾ, ಕೂಸೋ" ಎಂದು ಹಗ್ಗದ ಮಂಚ ತೋರಿಸಿದರು. ನಾನು ಯಾರೆಂದು ಕೇಳಿದ್ದು ನೀರು ಕೊಟ್ಟ ಮೇಲೆ. ನಮ್ಮೂರಲ್ಲಿ ಮೊದಲು ಯಾರು, ಯಾವೂರು, ಯಾರ ಪೈಕಿ ಎಂದು ಕೇಳಿ ಆಮೇಲೆ ನೀರು ಕೊಡುತ್ತೇವೆ.

ಆ ಮನೆಯಲ್ಲಿ ಅತ್ತೆ ತೆಲುಗಿನಲ್ಲಿ ಬೈದರೆ ಸೊಸೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ತರಕಾರಿಯವನ ಜೊತೆ ಇಬ್ಬರೂ ಕೂಡಿ ಹಿಂದಿಯಲ್ಲಿ ಚೌಕಾಶಿ ಮಾಡುತ್ತಾರೆ. ತೊಟ್ಟಿಲಲ್ಲಿದ್ದ ಕೂಸು ಯಾರು ಮಾತಾಡಿದರೂ ಅವರ ಕಡೆ ತಿರುಗುತ್ತಿತ್ತು.

"ನೀ ಯಾವ ರಾಜ್ಯದಾಕಿ ಆದಿ?" ಎಂದು ನಾನು ಸೊಸೆಗೆ ತಮಾಷೆ ಮಾಡಿದೆ.

"ಬಿಸಿ ರೊಟ್ಟಿ ಬೇಕಾದಾಗ ಕರ್ನಾಟಕದಾಕಿ, ರೇಷನ್ ತರೋದಾದ್ರ ತೆಲಂಗಾಣದಾಕಿ," ಅಂದಳು. "ಇವರು ಬೈಯ್ಯಾಕ ಸುರು ಮಾಡಿದ್ರ ಯಾ ರಾಜ್ಯದಾಕಿನೂ ಅಲ್ಲ ಮಾಮಾ, ಕಿವುಡಿ."

ಲಕ್ಷ್ಮಮ್ಮನಿಗೆ ಅರ್ಥವಾಗಿತ್ತು. ಸೊಸೆಯ ಬೆನ್ನಿಗೆ ಸೆರಗಿನಿಂದ ಒಂದು ಏಟು ಹಾಕಿ ನಕ್ಕರು.

ಮಹಾದೇವಿ ಅಲ್ಲೂ ಇರಲಿಲ್ಲ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕೆಲಸದಲ್ಲಿರುವ ಮಗ ವೀರೇಶನ ಬೆರಳಿಗೆ ಫರ್ಸಿ ಕಲ್ಲು ಬಿದ್ದು ಪೆಟ್ಟಾಗಿದೆಯೆಂದು, ಬಾಣಂತನ ಮುಗಿಯುತ್ತಲೇ ಹಿಂದಿನ ದಿನ ಹೊರಟುಹೋಗಿದ್ದಳು. ಅವಳು ಕುಳಿತೆದ್ದ ಜಾಗ ಮಾತ್ರ ನನಗೆ ಸಿಗುತ್ತಿತ್ತು. ತೊಟ್ಟಿಲಿಗೆ ಕಟ್ಟಿದ್ದ ಬಟ್ಟೆಯ ಗಿಳಿಗಳನ್ನು ಅವಳೇ ಹೊಲಿದದ್ದು. ಅವ್ವ ನಮ್ಮ ತೊಟ್ಟಿಲಿಗೂ ಅಂಥವನ್ನೇ ಹೊಲಿದಿದ್ದಳು.

ಊಟವಾದ ಮೇಲೆ ಸುನೀತಾ ಕೂಸಿಗೆ ಹಾಲು ಕುಡಿಸುತ್ತಾ ಕೇಳಿದಳು. "ಮಾಮಾ, ನೀವು ಅಜ್ಜೀನ ಟ್ರಾಲಿನಾಗ ಕರ್ಕೊಂಡು ಬಂದಿದ್ರಲ್ಲಾ, ಅವತ್ತು ಅಜ್ಜಿ ಏನಂದಳು? ಅವ್ವಗ ಕೇಳಿದ್ರ ಒಮ್ಮೊಮ್ಮಿ ಒಂದೊಂದು ಹೇಳ್ತಾಳ."

ಹೇಳಬೇಕಾದ ಜಾಗ ಇದೇ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಲಕ್ಷ್ಮಮ್ಮ ಕೂಡ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ಅವರ ಮುಖದಲ್ಲಿ ಎಷ್ಟು ಗೌರವವಿತ್ತೆಂದರೆ ಅದನ್ನು ಕಳೆದುಕೊಳ್ಳಲು ನನ್ನಿಂದಾಗಲಿಲ್ಲ.

"ಬಿಸಲಾಗ ನಿಂದ್ರಬ್ಯಾಡ ಅನ್ನು ಆಕಿಗಿ, ಅಂದಳು," ಎಂದೆ.

ಸುನೀತಾಳ ಕಣ್ಣು ತುಂಬಿದವು. ಲಕ್ಷ್ಮಮ್ಮ ಸೆರಗು ಮೂಗಿಗೆ ಒತ್ತಿಕೊಂಡರು. ತಂಗಿಯದಾದರೂ ಮಾನ ಉಳಿಸಲು ಹೇಳಿದ ಸುಳ್ಳಿರಬೇಕು. ನನ್ನದು ಬರೀ ಮರ್ಯಾದೆ ತಿನ್ನಲು ಹೇಳಿದ್ದು. ಹೊರಡುವಾಗ ಆ ಹಿರಿಯ ಹೆಂಗಸು ನನ್ನ ಕಿತ್ತುಹೋದ ಚಪ್ಪಲಿಯನ್ನು ಹೊಲಿಸಿ ತಂದು ಬಾಗಿಲಲ್ಲಿ ಇಟ್ಟಿದ್ದರು.

ಕೊಹೀರಿನ ಈಚೆ

ತಿರುಗಿ ಜಹೀರಾಬಾದಿಗೆ ಬಂದು ತಾಂಡೂರಿನ ಬಸ್ಸು ಹತ್ತಿದೆ. ಅದು ಕೊಹೀರಿನ ಕಡೆಯಿಂದ ಹೋಗುವ ಬಸ್ಸು. ಊರು ಇನ್ನೇನು ಬಂತು ಅನ್ನುವಾಗ ಟೈರು ಪಂಕ್ಚರಾಗಿ ನಿಂತಿತು. ಜನ ಬೈಯದೆ, ಅವಸರಿಸದೆ ಇಳಿದು, ಹುಣಸೆಮರದ ಕೆಳಗೆ ಹರಡಿಕೊಂಡು ಕೂತರು. ಕೆಲವರು ಮಲಗಿಯೂ ಬಿಟ್ಟರು. ನಮ್ಮ ಕಡೆಯಾದರೆ ಇಷ್ಟರಲ್ಲಿ ಹತ್ತು ಜನ ಡ್ರೈವರನಿಗೆ ಜಾಕ್ ಹಾಕುವುದನ್ನು ಕಲಿಸುತ್ತಿದ್ದರು.

ಪೇರಲ ಬುಟ್ಟಿಯ ಮುದುಕಿಯೊಬ್ಬಳು ನನ್ನ ಪಕ್ಕ ಕೂತಿದ್ದಳು. ನಮ್ಮ ಕನ್ನಡವೇ ಆಡುತ್ತಿದ್ದಳು. ಹಣ್ಣು ಹೋಳು ಮಾಡಿ, ಉಪ್ಪುಖಾರ ಸವರಿ, ಸುತ್ತಲಿನವರಿಗೆ ಮಾರಿದಳೋ ಹಂಚಿದಳೋ ತಿಳಿಯಲಿಲ್ಲ. ಬಿಸಿಲು ಮಂದವಾಗಿತ್ತು, ದೂರದ ಕೆಂಪು ದಾರಿಯಲ್ಲಿ ಕುರಿಗಳು ಹೊಗೆಯಂತೆ ಸರಿಯುತ್ತಿದ್ದವು. ಈ ಪ್ರವಾಸದಲ್ಲಿ ನನ್ನ ತಂಗಿಯನ್ನು ಅರಿಯದ ಮೊದಲ ಹೆಂಗಸು ಇವಳು ಅನ್ನಿಸಿತು. ಇದ್ದಕ್ಕಿದ್ದಂತೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಲಿವರ್, ಮಣ್ಣು, ನಾಳೆ ಅಂದದ್ದು, ನೇಗಿಲು ಹೊಡೆದದ್ದು, ಸೊಸೆಯ ಮುಂದೆ ಆಡಿದ ಸುಳ್ಳು.

ಮುದುಕಿ ಪೂರ್ತಿ ಕೇಳಿದಳು. ಚಾಕು ಸೀರೆಗೆ ಒರೆಸಿಕೊಂಡಳು.

"ಇದನ್ನ ನನಗ್ಯಾಕ ಹೇಳ್ತಿಯಪ್ಪಾ? ನಾ ಏನ್ ನಿನ್ನ ತಂಗೀನಾ? ಮಂದಿ ಮುಂದ ಅತ್ತು ಹಗರಾಗಿ ಹೋದ್ರ, ಆಕಿ ಮುಂದ ಏನ್ ಒಯ್ತಿ? ತಿನ್ನು, ಪೇರಲ ತಿನ್ನು."

ನಾನು ಪೇರಲ ತಿಂದೆ. ಬಸ್ಸು ಹೊರಟಿತು.

ತಾಂಡೂರು

ತಾಂಡೂರಿನಲ್ಲಿ ಬೇಲಿಗೂ ಕಲ್ಲು. ಆಳೆತ್ತರದ ಫರ್ಸಿಗಳನ್ನು ಒಂದರ ಪಕ್ಕ ಒಂದು ನೆಟ್ಟು ಹೊಲಕ್ಕೆ, ಹಿತ್ತಲಿಗೆ, ಮಸಣಕ್ಕೆ ಗೋಡೆ ಮಾಡಿದ್ದಾರೆ. ಕೊಟ್ಟಿಗೆಯ ಗೋದಲಿ, ಚಹಾದಂಗಡಿಯ ಮೇಜು, ಬಚ್ಚಲು, ಬಾಗಿಲ ಮುಂದಿನ ಕಟ್ಟೆ, ಎಲ್ಲವೂ ನೀಲಿಬೂದು ಕಲ್ಲು. ಮರದ ಎಲೆಗಳ ಮೇಲೂ ಕಲ್ಲಿನ ಹಿಟ್ಟು ಕೂತು, ಊರಿಗೆ ಊರೇ ಬೆಳದಿಂಗಳಲ್ಲಿ ಇಟ್ಟ ಹಾಗೆ ಕಾಣುತ್ತದೆ. ನಮ್ಮ ಸೇಡಂ ಕಡೆ ತೆಗೆದರೆ ಇದನ್ನೇ ಶಹಾಬಾದ್ ಕಲ್ಲು ಅನ್ನುತ್ತಾರೆ, ಇಲ್ಲಿ ತೆಗೆದರೆ ತಾಂಡೂರು ಕಲ್ಲು. ನೆಲದೊಳಗೆ ಅದು ಒಂದೇ ಚಾಪೆ. ಆಚೆಯ ಕಾರ್ಮಿಕರು ಈಚೆ, ಈಚೆಯ ಲಾರಿಗಳು ಆಚೆ. ಎರಡೂ ಕಡೆಯ ಮನೆಗಳು ನಿಂತಿರುವುದು ಈ ಒಂದು ಚಾಪೆಯ ಮೇಲೆ.

ಪಾಲಿಶ್ ಶೆಡ್ಡಿನ ಹಿಂದಿನ ಕೋಣೆ ವೀರೇಶನದು. ಅವನು ಬೆರಳಿಗೆ ಬಟ್ಟೆ ಕಟ್ಟಿಕೊಂಡು ಮಲಗಿ ಮೊಬೈಲು ನೋಡುತ್ತಿದ್ದ. ನನ್ನನ್ನು ಕಂಡು ಎದ್ದು, ಕಾಲು ಮುಟ್ಟಿ, "ಅವ್ವ ನಳದ ಹತ್ರ ಹೋಗ್ಯಾಳ್ರಿ ಮಾಮಾ" ಅಂದ.

ನಳದ ಬಳಿ ಮಹಾದೇವಿ ಅವನ ಅಂಗಿಯನ್ನು ಕಲ್ಲಿಗೆ ಬಡಿದು ಒಗೆಯುತ್ತಿದ್ದಳು. ತಲೆಗೂದಲು ಅವ್ವನಷ್ಟೇ ಬೆಳ್ಳಗಾಗಿತ್ತು. ನನ್ನ ಕಾಲನ್ನು ಮೊದಲು ನೋಡಿ, ಆಮೇಲೆ ಮುಖ ನೋಡಿದಳು. ಕೈ ನಿಲ್ಲಲಿಲ್ಲ.

"ಚಪ್ಲಿ ಯಾರ್ ಹೊಲಸ್ಯಾರ?" ಅಂದಳು.

"ನಿನ್ನ ಬೀಗತಿ."

"ಅಲ್ಲಿ ತನ ಹೋಗಿದ್ದಿ?"

"ಜಹೀರಾಬಾದಿಗಿ ಹೋಗಿದ್ದೆ. ನಾರಾಯಣಖೇಡಕ್ಕ ಹೋಗಿದ್ದೆ."

"ಹಂಗಾದ್ರ ಎಲ್ಲಾರೂ ನಿನಗ ಉಣ್ಣಾಕ ಹಾಕ್ಯಾರ."

ಹಾಕಿದ್ದರು. ಅಂಗಿಯನ್ನು ಹಿಂಡಲು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎದುರುಬದುರು ನಿಂತು ತಿರುವಿದೆವು. ನೀರು ಸುರಿಯಿತು.

"ಯಾಕ ಹಂಗ ಹೇಳ್ದಿ ಮಾದೇವಿ, ಅವರಿಗೆಲ್ಲ?"

"ಮತ್ತೇನ್ ಹೇಳ್ಲಿ? ನಮ್ಮ ಅತ್ತಿ ಮನಿಯಾಗ ಕೇಳಿದ್ರು, ಓಣಿಯಾಗ ಕೇಳಿದ್ರು. ತವರಿನವರೇ ದಾರಿಗಿ ಮಣ್ಣು ಹಾಕ್ಯಾರ ಅಂತ ಯಾವ ಬಾಯೀಲೆ ಹೇಳ್ಲಿ? ತವರಿಲ್ಲದಾಕಿ ಅಂದ್ರ ಅಂಗಳದಾಗಿನ ನಾಯಿನೂ ಬಾಲ ಅಲಗಸಂಗಿಲ್ಲ. ನಿನ್ನ ಸಲುವಾಗಿ ಹೇಳಿಲ್ಲ. ನನ್ನ ಸಲುವಾಗಿ ಹೇಳೀನಿ." ಅಂಗಿ ಝಾಡಿಸಿ ಹಗ್ಗಕ್ಕೆ ಹಾಕಿದಳು. "ಹೇಳಿ ಹೇಳಿ ಈಗ ನನಗ ಕಾಣ್ತದ. ಅವ್ವ ಹುಲ್ಲಿನ ಮ್ಯಾಲ ಕುಂತದ್ದು. ಮಗ್ಗಲ್ದಾಗ ಎಲಿಯಡಿಕಿ ಚೀಲ."

ಎಲೆಯಡಿಕೆಯ ಚೀಲ ನನ್ನ ಕನಸಿನಲ್ಲೂ ಇತ್ತು. ಅದನ್ನು ಹೇಳಲಿಲ್ಲ. ಹೇಳಬೇಕಾದದ್ದು ಬೇರೆ ಇತ್ತು.

"ಸುನೀತಾ ಕೇಳಿದ್ಳು, ಅಜ್ಜಿ ಏನಂದಳಂತ. ನಾನೂ ಒಂದು ಮಾತು ಸೇರಿಸೀನಿ ತಂಗಿ."

ಅವಳು ಮೊದಲ ಸಲ ಪೂರ್ತಿ ನನ್ನ ಕಡೆ ತಿರುಗಿದಳು. "ಏನನಿಸಿದಿ ಅವ್ವನ ಬಾಯೀಲೆ?"

"ಬಿಸಲಾಗ ನಿಂದ್ರಬ್ಯಾಡ ಅನ್ನು ಆಕಿಗಿ, ಅಂತ."

ಮಹಾದೇವಿ ನಳದ ಕಟ್ಟೆಯ ಮೇಲೆ ಕೂತಳು. "ಅದು ಅವ್ವ ಅನ್ನೋ ಮಾತೇ," ಅಂದಳು. "ಖರೇ ಏನಂದಳು?"

ಈ ಒಂದು ಪ್ರಶ್ನೆಗೆ ಹೆದರಿಯೇ ನಾನು ಇಷ್ಟು ವರ್ಷ ಬೇವಿನ ಮರ ದಾಟಿರಲಿಲ್ಲ. ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ಹೇಳಿದೆ. "ನೀ ಬಂದಿದ್ದಿ ಅಂತ ಹೇಳಿದ್ದೆ. ನಾಳಿ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಮರುದಿನ ನಸುಕಿನಾಗ ಎದ್ದು, ಕಲಾವತಿ ಕಡಿಂದ ತಲಿ ಬಾಚಿಸ್ಕೊಂಡ್ಳು. ಒಳ್ಳೆ ಸೀರಿ ಉಡಿಸ್ಕೊಂಡ್ಳು. ನಾ ಹೊಲದಿಂದ ಬಂದಾಗ ಹಂಗೇ ಗ್ವಾಡಿಗಿ ಆತು ಕುಂತಿದ್ಳು. 'ನಾಳಿ ಆತೇನಪ್ಪಾ?' ಅಂತ ಕೇಳಿದ್ಳು. 'ಇನ್ನಾ ಇಲ್ಲವ್ವಾ' ಅಂದೆ. ಆಮ್ಯಾಲ ಕೇಳ್ಲಿಲ್ಲ. ಆ ಸೀರಿ ತಗಿಯಾಕೂ ಕೊಡ್ಲಿಲ್ಲ. ಅದರಾಗೇ ಹೋದಳು."

ಶೆಡ್ಡಿನಲ್ಲಿ ಪಾಲಿಶ್ ಯಂತ್ರ ತಿರುಗುತ್ತಿತ್ತು. ಹಾಲಿನಂಥ ನೀರು ಚರಂಡಿಯಲ್ಲಿ ಹರಿದು ನಮ್ಮ ಕಾಲ ಬಳಿ ಬಂದಿತು. ತಂಗಿ ಅಳಲಿಲ್ಲ. "ಯಾವ ಸೀರಿ?" ಎಂದು ಮಾತ್ರ ಕೇಳಿದಳು.

"ಹಸರದು. ಕೆಂಪಂಚಿಂದು."

"ನಾ ತಂದದ್ದು," ಅಂದಳು.

ಸಂಜೆ ಮೂವರೂ ಕೂತು ಉಂಡೆವು. ನನಗೆ ಬಡಿಸುವಾಗ ಅವಳ ಕೈ ಮೊದಲಿನಂತೆ ಧಾರಾಳವಾಗಿಯೇ ಇತ್ತು, ಮಾತು ಮಾತ್ರ ಇರಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಹಬ್ಬಕ್ಕೆ ಕರೆದೆ. ಎಳ್ಳಮಾವಾಸ್ಯೆಗೆ ಬಾ, ಸುನೀತಾಳನ್ನೂ ಕರೆದುಕೊಂಡು ಬಾ, ಬಸ್ಸಿನ ನಿಲ್ದಾಣಕ್ಕೆ ಟ್ರ್ಯಾಕ್ಟರ್ ತರುತ್ತೇನೆ ಎಂದೆ.

"ಬಸ್ಸಿಗಿ ಬರಂಗಿಲ್ಲ," ಅಂದಳು. "ನಮ್ಮ ಹೊಲಕ್ಕ ಬರ್ತೀನಿ. ಅಲ್ಲಿಂದ ಆ ದಾರಿ ಹಿಡದೇ ಬರ್ತೀನಿ. ಇಷ್ಟು ವರ್ಷ ಆ ದಿಬ್ಬ ಕಾಣ್ತದಂತ ನಮ್ಮ ಹೊಲಕ್ಕೇ ಹೋಗಿಲ್ಲ ನಾ."

"ಇವತ್ತೇ ಹೋಗಿ ತಗೀತೀನಿ. ಟ್ರ್ಯಾಕ್ಟರಿಗಿ ಬ್ಲೇಡ್ ಹಾಕಿದ್ರ ಒಂದ್ ಗಳಿಗಿ ಕೆಲಸ."

"ಅದಕ್ಕೇ ಬ್ಯಾಡ," ಅಂದಳು. "ಲಿವರ್ ಎಳದು ಹಾಕಿದಿ. ಬುಟ್ಟೀಲೆ ತಗಿ."

ಮತ್ತೆ ಬೇವಿನ ಮರ

ಗುದ್ದಲಿ ಹಾಕಿದ ಮೇಲೆಯೇ ತಿಳಿದದ್ದು, ಆ ಮಣ್ಣು ಅಷ್ಟು ಮಳೆಗಳಲ್ಲಿ ಎಷ್ಟು ಗಟ್ಟಿಯಾಗಿತ್ತೆಂದು. ಔಡಲದ ಬೇರು ಒಳಗೆಲ್ಲ ಹೆಣೆದುಕೊಂಡಿತ್ತು. ಅಗೆದು, ಬುಟ್ಟಿ ತುಂಬಿ, ಹೊತ್ತು, ಹೊಲದ ಮೂಲೆಯ ಅದೇ ಗುಂಡಿಗೆ ಹಾಕಿದೆ. ಊರವರು ಬಂದು ನಿಂತರು. "ಟ್ರ್ಯಾಕ್ಟರ್ ಮಾರಿದಿಯೇನಪ್ಪಾ ಶರಣಪ್ಪಾ?" ಎಂದು ಒಬ್ಬರು. "ಹರಕಿ ಹೊತ್ತಾನ," ಎಂದು ಇನ್ನೊಬ್ಬರು. ಯಾಕೆಂದು ಕೇಳಿದವರಿಗೆಲ್ಲ ಯಾಕೆಂದು ಹೇಳಿದೆ. ಅಂದು ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ನಾಲ್ವರಲ್ಲಿ ಒಬ್ಬ ಮುಳ್ಳುಗಳನ್ನಷ್ಟೇ ಎಳೆದು ಬದುವಿಗೆ ಹಾಕಿ ಹೋದ.

ಹಬ್ಬದ ಬೆಳಿಗ್ಗೆಯ ಹೊತ್ತಿಗೆ ಒಬ್ಬರು ನಡೆಯುವಷ್ಟು ದಾರಿಯಾಗಿತ್ತು. ಎರಡೂ ಮಗ್ಗುಲಿಗೆ ದಿಬ್ಬ ಇನ್ನೂ ಸೊಂಟದೆತ್ತರ ಇತ್ತು. ಮುಗಿದಿರಲಿಲ್ಲ. ಮಂಜಿನಲ್ಲಿ ಆಚೆಯ ಜೋಳದ ನಡುವಿನಿಂದ ಅವರು ಬಂದರು. ಮುಂದೆ ಮಹಾದೇವಿ, ತಲೆಯ ಮೇಲೆ ಹಸಿ ಕಡಲೆಯ ಹೊರೆ. ಹಿಂದೆ ಕೂಸನ್ನು ಎತ್ತಿಕೊಂಡ ಸುನೀತಾ.

ಬೇವಿನ ಮರದ ಕೆಳಗೆ ಸುನೀತಾ ನಿಂತು ಅತ್ತಿತ್ತ ನೋಡಿದಳು. "ಮಾಮಾ, ಟ್ರಾಲಿ ಎಲ್ಲಿ ನಿಂತಿತ್ತು?"

ನಾನು ತಂಗಿಯ ಮುಖ ನೋಡಿದೆ. ಅವಳು ಹೊರೆ ಇಳಿಸುವುದರಲ್ಲಿ ತೊಡಗಿದ್ದಳು.

"ನಿಂದ್ರಲೇ ಇಲ್ಲವ್ವಾ," ಅಂದೆ. "ನಾ ಟ್ರಾಲಿ ತರಲೇ ಇಲ್ಲ. ಅಜ್ಜಿ ಆ ಮಾತು ಅನ್ನಲೇ ಇಲ್ಲ."

ಸುನೀತಾ ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. "ಗೊತ್ತಿತ್ತು ಮಾಮಾ," ಅಂದಳು. "ಅವ್ವ ಒಂದೊಂದ್ ಸಲ ಒಂದೊಂದ್ ಕಡಿ ನಿಂದರಸ್ತಿದ್ಳು ಅದನ್ನ."

ಕಲಾವತಿ ಕಡಲೆ ಬಿಡಿಸಿ ಭಜ್ಜಿ ಕುದಿಸಿದಳು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಬೇವಿನ ನೆರಳಿನಲ್ಲಿ ಎಲ್ಲರೂ ಉಂಡೆವು. ಮಹಾದೇವಿ ಎರಡನೆಯ ಸಲ ಹಾಕಿಸಿಕೊಂಡಳು. ಉಂಡು ಕೈ ತೊಳೆದು, ಉಳಿದ ದಿಬ್ಬದ ಹತ್ತಿರ ಹೋಗಿ, ನನ್ನ ಬುಟ್ಟಿಯನ್ನು ಎತ್ತಿ ನೋಡಿದಳು. ತಳ ಕಿತ್ತುಹೋಗಿತ್ತು.

"ಇದಕ್ಕ ನಮ್ಮ ಮನ್ಯಾಗಿಂದು ಎರಡು ಬುಟ್ಟಿ ಬರ್ತಾವ, ಎರಡು ಆಳೂ ಬರ್ತಾವ," ಅಂದಳು. "ಆದ್ರ ಮುಯ್ಯಿಗಿ. ನಮ್ಮ ತೊಗರಿ ಒಣಗಿ ನಿಂತದ. ನಾಳಿ ಬರ್ತಿಯೇನು ಕೊಯ್ಯಾಕ?"

ನಾಳೆ ಎನ್ನುವ ಮಾತು ನನ್ನ ಬಾಯಲ್ಲಿ ಹೊರಡಲಿಲ್ಲ. ಬಿಸಿಲು ಇಳಿದಿತ್ತು, ಬೇವಿನ ನೆರಳು ಆಗಲೇ ಗಡಿ ದಾಟಿ ಅವರ ಹೊಲದವರೆಗೆ ಹೋಗಿತ್ತು. ಕಂಬಳಿ ಹೆಗಲಿಗೆ ಹಾಕಿ, ಕುಡುಗೋಲು ತೆಗೆದುಕೊಂಡು, ಆ ಸಂಜೆಯೇ ತಂಗಿಯ ಹಿಂದೆ ನಡೆದೆ.